ಗುಡ್ಡ ಕಡಿಯದೆ ಕಟ್ಟಿದ, ಮಣ್ಣಿಗೊರಗಿದ ಮನೆ: ಶಿರಸಿ ಸೀಮೆಯ ಒಂದು ಪ್ರಕರಣ

ಶಿರಸಿಯಿಂದ ಕುಮಟಾ ಕಡೆ ಹೋಗುವಾಗ, ದೇವಿಮನೆ ಘಟ್ಟ ಇಳಿಯುವ ಮೊದಲು, ರಸ್ತೆಯ ಎರಡೂ ಬದಿಗೆ ಅಡಿಕೆ ತೋಟದ ಕಣಿವೆಗಳು ಸಿಗುತ್ತವೆ. ಅಂಥ ಒಂದು ಕಣಿವೆಯ ಮೇಲಂಚಿನಲ್ಲಿ ಈ ಮನೆ ಇದೆ. ಊರಿನ ಹೆಸರು, ಮನೆಯವರ ಹೆಸರು ಇಲ್ಲಿ ಬೇಡ. ಗಂಡ, ಹೆಂಡತಿ, ಇಬ್ಬರು ಮಕ್ಕಳು. ಹಲವು ವರ್ಷ ಬೆಂಗಳೂರಿನಲ್ಲಿದ್ದು ಊರಿಗೆ ಮರಳಿದವರು. ಅಣ್ಣತಮ್ಮಂದಿರ ಹಿಸ್ಸೆಯಲ್ಲಿ ತೋಟದ ಒಂದು ತುಂಡು ಮತ್ತು ಅದರ ಮೇಲಿನ ಇಳಿಜಾರು ಜಾಗ ಇವರ ಪಾಲಿಗೆ ಬಂತು. ಹಳೆಮನೆ ದೊಡ್ಡಣ್ಣನಿಗೆ ಹೋಯಿತು. ಕರೆಂಟ್ ಕಂಬ ಇರುವುದು ಕಣಿವೆಯ ಆಚೆ ಬದಿಗೆ. ಅಲ್ಲಿಂದ ಲೈನ್ ಎಳೆಯಬೇಕೆಂದರೆ ನಡುವೆ ಕಾಡಿನ ಪಟ್ಟಿ ದಾಟಬೇಕು. ಎಳೆದರೂ ಗಾಳಿಮಳೆಗೆ ಮರ ಬಿದ್ದು ವಾರಗಟ್ಟಲೆ ಕತ್ತಲೆ. ಹಾಗಾಗಿ ಲೈನ್ ಇಲ್ಲದೆಯೇ ಬದುಕುವ ಮನೆ ಬೇಕು ಅಂತ ಅವರು ಮೊದಲೇ ತೀರ್ಮಾನಿಸಿದ್ದರು. ನಾನು ಈ ಮನೆಯ ಸಿವಿಲ್ ಕೆಲಸ ನೋಡಿಕೊಂಡವನು.

ಅವರ ಕಲ್ಪನೆಯ ಮನೆ ಬೇರೆಯೇ ಇತ್ತು. ಇಳಿಜಾರನ್ನು 12 ಅಡಿ ಒಳಗೆ ಕಡಿದು, ಮೂರು ಬದಿ ಮಣ್ಣು, ಮೇಲೆ ಸ್ಲ್ಯಾಬು, ಸ್ಲ್ಯಾಬಿನ ಮೇಲೆ ಒಂದು ಅಡಿ ಮಣ್ಣು, ಅದರ ಮೇಲೆ ಹುಲ್ಲು. ಎದುರಿಗೆ ಮಾತ್ರ ಗಾಜಿನ ಬಾಗಿಲು. ಸುಮಾರು 900 ಚದರ ಅಡಿ. ಯಜಮಾನರು ಮೊಬೈಲಿನಲ್ಲಿ ಹತ್ತಾರು ಚಿತ್ರ ತೋರಿಸಿದರು. ನಿಜಕ್ಕೂ ಚಂದದ ಮನೆಗಳು. ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ, ಕರೆಂಟಿನ ಖರ್ಚು ಕಡಿಮೆ. ಅವರ ಆಸೆಯಲ್ಲಿ ತಪ್ಪೇನಿಲ್ಲ. ನೆಲದ ಒಳಗೆ ಹೋದಷ್ಟೂ ಮಣ್ಣಿನ ಉಷ್ಣತೆ ಆ ಊರಿನ ವರ್ಷದ ಸರಾಸರಿಗೆ ಹತ್ತಿರವಾಗುತ್ತದೆ. ಹಗಲು-ರಾತ್ರಿಯ ಏರಿಳಿತ ಅಲ್ಲಿಗೆ ಮುಟ್ಟುವುದಿಲ್ಲ.

ಆದರೆ ಆ ಮನೆಗಳು ಎಲ್ಲಿ ಹುಟ್ಟಿದವು ಅಂತಲೂ ನೋಡಬೇಕಲ್ವಾ? ದಕ್ಷಿಣ ಆಸ್ಟ್ರೇಲಿಯಾದ ಕೂಬರ್ ಪೀಡಿ ಎಂಬ ಓಪಲ್ ಗಣಿಯ ಊರಲ್ಲಿ ಜನ ನೆಲದೊಳಗೆ ಕೊರೆದು ವಾಸಿಸುತ್ತಾರೆ. ಅಲ್ಲಿ ವರ್ಷಕ್ಕೆ ಬೀಳುವ ಮಳೆ 150 ಮಿ.ಮೀ. ಆಸುಪಾಸು. ಟ್ಯುನೀಷಿಯಾದ ಮತ್ಮಾತಾದ ಹೊಂಡದ ಮನೆಗಳು ಮರುಭೂಮಿಯ ಅಂಚಿನವು. ಚೀನಾದ ಲೋಯೆಸ್ ಮಣ್ಣಿನ ಗುಹೆಮನೆಗಳೂ ಒಣ ಸೀಮೆಯವೇ. ಶಿರಸಿಯಲ್ಲಿ ವರ್ಷಕ್ಕೆ ಸುಮಾರು 2500 ಮಿ.ಮೀ. ಮಳೆ. ಘಟ್ಟದ ಅಂಚಿಗೆ ಹೋದಷ್ಟೂ ಜಾಸ್ತಿ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಕೂಬರ್ ಪೀಡಿಗೆ ಇಡೀ ವರ್ಷ ಬೀಳುವ ಮಳೆ ಇಲ್ಲಿ ಜುಲೈ ತಿಂಗಳ ಒಂದೆರಡು ದಿನದಲ್ಲಿ ಬಂದು ಹೋಗಬಹುದು. ಅಲ್ಲಿ ಮನೆ ಕಟ್ಟುವವರಿಗೆ ಎದುರಾಳಿ ಬಿಸಿಲು. ಇಲ್ಲಿ ನೀರು. ಈ ಒಂದು ವ್ಯತ್ಯಾಸ ಮನೆಯ ಪ್ರತಿ ಗೋಡೆಯನ್ನೂ ಬದಲಿಸಿತು.

ಒಂದು ಮಳೆಗಾಲ ಕಾದದ್ದು

ನಕ್ಷೆ ಬರೆಯುವ ಮೊದಲು ಬೇಸಿಗೆಯಲ್ಲಿ ಎರಡು ಪರೀಕ್ಷಾ ಗುಂಡಿ ತೋಡಿಸಿದೆವು, 10 ಅಡಿ ಆಳಕ್ಕೆ. ಮೇಲೆ ಒಂದು ಅಡಿ ಸೊಪ್ಪು ಕೊಳೆತ ಕಪ್ಪು ಮಣ್ಣು. ಅದರ ಕೆಳಗೆ ನಾಲ್ಕೈದು ಅಡಿ ಕೆಂಪು ಕಲ್ಲಿನ ಪದರ, ಅಂದರೆ ಕರಾವಳಿಯವರು ಚಿರೆಕಲ್ಲು ಅನ್ನುವ ಲ್ಯಾಟರೈಟ್. ಅದಕ್ಕೂ ಕೆಳಗೆ ಶೇಡಿ ಮಣ್ಣು. ತಿಳಿ ಹಳದಿ, ಬಿಳಿ, ಅಲ್ಲಲ್ಲಿ ಗುಲಾಬಿ.

ಶೇಡಿಯನ್ನು ನಮ್ಮ ಕಡೆಯವರು ಗೋಡೆಗೆ ಸಾರಿಸಲು, ಹಸೆ ಬರೆಯಲು ಬಳಸುತ್ತಾ ಬಂದಿದ್ದಾರೆ. ಒಣಗಿದಾಗ ಅದು ಗಟ್ಟಿ. ಕಡಿದ ಗೋಡೆ ನೆಟ್ಟಗೆ ನಿಂತಿರುತ್ತದೆ. ಬೇಸಿಗೆಯಲ್ಲಿ ನೋಡಿದವರು ಇದು ಸಾವಿರ ವರ್ಷ ನಿಲ್ಲುತ್ತದೆ ಅಂತಾರೆ. ನೀರು ಕುಡಿದ ಮೇಲೆ ಅದೇ ಮಣ್ಣು ಬಲ ಕಳೆದುಕೊಂಡು ಜಾರುತ್ತದೆ. ಮೇಲಿನ ಕೆಂಪುಕಲ್ಲಿನಲ್ಲಿ ತೂತುಗಳು ಜಾಸ್ತಿ, ನೀರು ಸರಾಗ ಇಳಿಯುತ್ತದೆ. ಶೇಡಿಯಲ್ಲಿ ಅಷ್ಟು ಬೇಗ ಇಳಿಯುವುದಿಲ್ಲ. ಹಾಗಾಗಿ ನೀರು ಎರಡೂ ಪದರ ಕೂಡುವಲ್ಲಿ ಸೇರಿಕೊಂಡು ಇಳಿಜಾರಿನ ಉದ್ದಕ್ಕೂ ಹರಿಯಲು ನೋಡುತ್ತದೆ. ನಾವು ಧರೆ ಕಡಿದರೆ ಸರಿಯಾಗಿ ಆ ಕೂಡುವ ಜಾಗವನ್ನೇ ಬಯಲಿಗೆ ತೆರೆದಂತೆ ಆಗುತ್ತದೆ. ಕೆಳಗಿನ ಆಧಾರವೂ ಹೋಯಿತು, ನೀರಿಗೆ ಬಾಯಿಯೂ ಸಿಕ್ಕಿತು.

ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2009ರ ಅಕ್ಟೋಬರ್‌ನಲ್ಲಿ ಕಾರವಾರದ ಪಕ್ಕದ ಕಡವಾಡದಲ್ಲಿ ಗುಡ್ಡ ಮನೆಗಳ ಮೇಲೇ ಬಿತ್ತು. 2021ರ ಜುಲೈನಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ತೋಟ, ಮನೆ, ರಸ್ತೆ ಎಲ್ಲ ಕುಸಿದವು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಬಿದ್ದ ಗುಡ್ಡ ಗಂಗಾವಳಿ ನದಿಯವರೆಗೂ ಹೋಯಿತು. ಎಲ್ಲಾ ಕಡೆ ಕಾರಣ ಒಂದೇ ಅಂತ ನಾನು ಹೇಳುವುದಿಲ್ಲ. ಆದರೆ ಕಡಿದ ಇಳಿಜಾರಿನ ಕೆಳಗೆ ಮಲಗುವ ಮನೆಯನ್ನು ನನ್ನ ಕೈಯಿಂದ ಕಟ್ಟಿಸಲು ನನಗೆ ಮನಸ್ಸಿರಲಿಲ್ಲ.

ಯಜಮಾನರಿಗೆ ಕೂಡಲೇ ಒಪ್ಪಿಗೆ ಆಗಲಿಲ್ಲ. ಗುಂಡಿ ಒಣಗಿದೆ, ಒಂದು ಹನಿ ನೀರಿಲ್ಲ, ಸುಮ್ನೆ ಹೆದರಿಸುತ್ತೀರಿ ಅಂದರು. ಅದಕ್ಕೆ ಒಂದು ಮಳೆಗಾಲ ಕಾಯೋಣ ಅಂತ ಮಾತಾಯಿತು. ಎರಡೂ ಗುಂಡಿಗಳಲ್ಲಿ ತೂತು ಕೊರೆದ ಪಿವಿಸಿ ಪೈಪು ನಿಲ್ಲಿಸಿ, ಸುತ್ತ ಜಲ್ಲಿ ಹಾಕಿ, ಮಣ್ಣು ಮುಚ್ಚಿದೆವು. ದಿನಾ ಒಂದು ಕೋಲು ಇಳಿಸಿ ನೀರು ಎಷ್ಟು ಕೆಳಗಿದೆ ಅಂತ ಬರೆದಿಡುವುದು ದೊಡ್ಡ ಮಗಳ ಕೆಲಸ. ಜೂನ್ ಅರ್ಧದವರೆಗೆ ಪೈಪು ಒಣ. ಜುಲೈನಲ್ಲಿ ಮಳೆ ಹಿಡಿದ ಮೇಲೆ ನೀರು ಏರುತ್ತಾ ಬಂತು. ಜಡಿಮಳೆಯ ವಾರದಲ್ಲಿ ನೆಲಮಟ್ಟದಿಂದ ಎರಡೇ ಅಡಿ ಕೆಳಗೆ ನೀರು. 12 ಅಡಿ ಒಳಗೆ ಕಡಿದ ಮನೆ ಆ ದಿನ ನೀರಿನ ಒಳಗೇ ಇರುತ್ತಿತ್ತು. ಆಮೇಲೆ ವಾದ ಬೇಕಾಗಲಿಲ್ಲ.

ಪಕ್ಕದ ತೋಟದ ಹಿರಿಯರೊಬ್ಬರು ಆಗಾಗ ಬಂದು ನೋಡುತ್ತಿದ್ದರು. ಅವರು ಹೇಳಿದ ಮಾತು ನಮ್ಮ ಕೆಲಸದ ದಿಕ್ಕನ್ನೇ ಹಿಡಿದುಕೊಟ್ಟಿತು. "ನೀರು ಎಲ್ಲಿಂದ ಬತ್ತು, ಎಲ್ಲಿಗೆ ಹೋಗ್ತು, ಅದನ್ನ ಮೊದಲು ನೋಡು ತಮಾ. ಮನೆ ಆಮೇಲೆ ನೋಡಕ್ಕು." ಅಡಿಕೆ ತೋಟ ಮಾಡಿದವರಿಗೆ ಇದು ಮೈಗೂಡಿದ ವಿದ್ಯೆ. ಬಸಿಗಾಲುವೆ ಸರಿ ಇಲ್ಲದ ತೋಟ ಕೊಳೆಯುತ್ತದೆ ಅಂತ ಇಲ್ಲಿ ಮಕ್ಕಳಿಗೂ ಗೊತ್ತು.

ಮನೆಯನ್ನು ಮಣ್ಣಿಗೆ ಅಲ್ಲ, ಮಣ್ಣನ್ನು ಮನೆಗೆ

ಜಾಗ ಬದಲಾಯಿಸಿದೆವು. ಇಳಿಜಾರಿನ ಮಧ್ಯದಿಂದ ಪಕ್ಕಕ್ಕೆ ಸರಿದರೆ ಒಂದು ಚಪ್ಪಟೆ ದಿಬ್ಬ ಇತ್ತು. ಅಲ್ಲಿ ನೀರು ಎರಡೂ ಕಡೆ ಹರಿದು ಹೋಗುತ್ತದೆ. ಅದರ ಮೇಲೆ ನೆಲಮಟ್ಟದಲ್ಲೇ ಮನೆ ಕಟ್ಟಿ, ಪಂಚಾಂಗ (ಬುನಾದಿ) ತೆಗೆದ ಮಣ್ಣು ಮತ್ತು ಅಂಗಳ ಸಮ ಮಾಡಿದ ಮಣ್ಣನ್ನು ತಂದು ಗೋಡೆಗೆ ಒರಗಿಸುವುದು. ಗುಡ್ಡ ಕಡಿಯುವುದೇ ಬೇಡ.

ಎಲ್ಲಾ ಬದಿಗೂ ಒರಗಿಸಲಿಲ್ಲ. ಪಶ್ಚಿಮ ಮತ್ತು ನೈಋತ್ಯಕ್ಕೆ ಮಾತ್ರ. ನಮ್ಮಲ್ಲಿ ಮಳೆ ಬೀಸಿ ಹೊಡೆಯುವುದು ಆ ದಿಕ್ಕಿನಿಂದ. ಏಪ್ರಿಲ್ ತಿಂಗಳ ಸಂಜೆ ಬಿಸಿಲು ಗೋಡೆ ಕಾಯಿಸುವುದೂ ಅದೇ ಬದಿಯಿಂದ. ಹಿಂದಿನವರು ಆ ಗೋಡೆಗೆ ಮಳೆಗಾಲದಲ್ಲಿ ಸೋಗೆ ತಟ್ಟಿ ಕಟ್ಟುತ್ತಿದ್ದರು. ಇಲ್ಲಿ ಅದೇ ಕೆಲಸವನ್ನು ಮಣ್ಣು ಮಾಡುತ್ತದೆ, ವರ್ಷವಿಡೀ. ಪೂರ್ವ ಮತ್ತು ಉತ್ತರ ತೋಟದ ಕಡೆಗೆ ತೆರೆದಿವೆ. ಗಾಳಿ, ಬೆಳಕು ಅಲ್ಲಿಂದ.

ಮಣ್ಣಿನ ಎತ್ತರ 4 ಅಡಿ ಸಾಕು ಅಂದೆ. ಯಾಕೆ ಅಂದರೆ ಮಣ್ಣು ಗೋಡೆಯನ್ನು ತಳ್ಳುವ ಬಲ ಎತ್ತರದ ವರ್ಗಕ್ಕೆ ತಕ್ಕಂತೆ ಏರುತ್ತದೆ. 8 ಅಡಿ ಎತ್ತರಕ್ಕೆ ಮಣ್ಣು ಒರಗಿಸಿದರೆ, ಅದೂ ನೀರು ಚೆನ್ನಾಗಿ ಬಸಿದ ಮಣ್ಣಾದರೆ, ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ ಸುಮಾರು 1.8 ಟನ್ ಒತ್ತಡ. ಅದೇ ಮಣ್ಣಿನಲ್ಲಿ ನೀರು ತುಂಬಿ ನಿಂತರೆ ಸುಮಾರು 4 ಟನ್. ಎತ್ತರವನ್ನು ಅರ್ಧಕ್ಕೆ ಇಳಿಸಿದರೆ ಒತ್ತಡ ಕಾಲು ಭಾಗಕ್ಕೆ ಇಳಿಯುತ್ತದೆ, ಅರ್ಧ ಟನ್ನಿಗೂ ಕಡಿಮೆ. ಆಗ ಕಬ್ಬಿಣ ತುಂಬಿದ ಕಾಂಕ್ರೀಟ್ ಗೋಡೆ ಬೇಕಾಗುವುದಿಲ್ಲ. ಜೋಡಿ ಕಲ್ಲಿನ, ಒಂದೂವರೆ ಅಡಿ ದಪ್ಪದ ಕೆಂಪುಕಲ್ಲಿನ ಗೋಡೆ ಮತ್ತು ಒಳಗಿನ ಅಡ್ಡಗೋಡೆಗಳೇ ಸಾಕಾಗುತ್ತವೆ. ಈ ಲೆಕ್ಕ ಈ ಜಾಗದ್ದು. ಬೇರೆ ಕಡೆ ಮಣ್ಣು ಬೇರೆ, ಲೆಕ್ಕವೂ ಬೇರೆ.

ಕಲ್ಲಿನ ಆಯ್ಕೆಯಲ್ಲಿ ತುಸು ಹಟ ಹಿಡಿದೆ. ಭಾರತೀಯ ಮಾನಕದ ಪ್ರಕಾರ ಲ್ಯಾಟರೈಟ್ ಕಲ್ಲು ಚದರ ಸೆಂ.ಮೀ.ಗೆ ಕನಿಷ್ಠ 35 ಕೆ.ಜಿ. ಒತ್ತಡ ತಾಳಬೇಕು, ತನ್ನ ತೂಕದ 12%ಕ್ಕಿಂತ ಜಾಸ್ತಿ ನೀರು ಹೀರಬಾರದು. ಕಲ್ಲುಗಣಿಯ ಮೇಲಿನ ಪದರದ್ದು ಸಾಮಾನ್ಯವಾಗಿ ಗಟ್ಟಿ, ಕೆಳಕ್ಕೆ ಹೋದಷ್ಟೂ ಶೇಡಿ ಬೆರೆತು ಮೆತ್ತಗೆ. ಗೌಂಡಿಗಳು ಕಲ್ಲನ್ನು ಬಡಿದು ಸದ್ದು ಕೇಳಿಯೇ ಬೇರೆ ಮಾಡುತ್ತಾರೆ. ಒಂದು ರಾತ್ರಿ ನೀರಲ್ಲಿ ಮುಳುಗಿಸಿ ಮೊದಲಿನ ತೂಕ, ಆಮೇಲಿನ ತೂಕ ನೋಡಿದರೆ ಹೀರುವ ಲೆಕ್ಕ ಮನೆಯಲ್ಲೇ ಸಿಗುತ್ತದೆ. ಮಣ್ಣು ತಾಗುವ ಭಾಗಕ್ಕೆ ಆಯ್ದ ಕಲ್ಲು ಮಾತ್ರ ಹಾಕಿದೆವು.

ಇನ್ನು ಈ ಮನೆಯ ಜೀವ ಇರುವ ಜಾಗ: ಗೋಡೆಯ ಬೆನ್ನು. ಕಲ್ಲಿನ ಮೇಲೆ ಗಾರೆ, ಅದರ ಮೇಲೆ ನೀರು ತಡೆಯುವ ಲೇಪ, ಅದಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ. ಹಾಳೆಗೂ ಮಣ್ಣಿಗೂ ನಡುವೆ ಒಂದು ಅಡಿ ಅಗಲದ ಜಲ್ಲಿಯ ಪದರ. ಮಣ್ಣು ಒಳಗೆ ಬಂದು ಜಲ್ಲಿ ಕಟ್ಟಿಕೊಳ್ಳದಂತೆ, ನೀರನ್ನು ಮಾತ್ರ ಬಿಡುವ ಜಿಯೋ ಬಟ್ಟೆ. ತಳದಲ್ಲಿ, ಮನೆಯ ನೆಲಕ್ಕಿಂತ ಒಂದು ಅಡಿ ಕೆಳಗೆ, ತೂತಿನ 4 ಇಂಚಿನ ಪೈಪು, 100 ಅಡಿಗೆ ಒಂದು ಅಡಿ ಇಳಿಜಾರು. ಪೈಪಿನ ತುದಿ ಎರಡೂ ಬದಿಗೆ ಬಯಲಿಗೆ ಬಂದು ತೋಟದ ದೊಡ್ಡ ಕಾಲುವೆಗೆ ಬೀಳುತ್ತದೆ. ಮೂಲೆಯಲ್ಲಿ ಪೈಪಿನ ಒಂದು ಕವಲನ್ನು ಮೇಲಕ್ಕೆ ಎತ್ತಿ ಮುಚ್ಚಳ ಹಾಕಿದ್ದೇವೆ. ವರ್ಷಕ್ಕೊಮ್ಮೆ ಅಲ್ಲಿಂದ ನೀರು ಬಿಟ್ಟು ತೊಳೆಯಬೇಕು. ಹೊರಬಾಯಿಗೆ ಜಾಲರಿ ಕಡ್ಡಾಯ, ಇಲ್ಲದಿದ್ದರೆ ಏಡಿಗಳು ಒಳಗೆ ಮನೆ ಮಾಡುತ್ತವೆ.

ಜನ ನೀರು ತಡೆಯುವ ಲೇಪಕ್ಕೆ ತುಂಬ ದುಡ್ಡು ಸುರಿಯುತ್ತಾರೆ, ನೀರು ಹೊರಗೆ ಹೋಗುವ ಪೈಪಿಗೆ ಜಿಪುಣತನ ಮಾಡುತ್ತಾರೆ. ನನ್ನ ಪ್ರಕಾರ ಇದು ತಿರುಗುಮುರುಗು. ಗೋಡೆ ಹಿಂದೆ ನೀರು ನಿಲ್ಲದಿದ್ದರೆ ಸಾಧಾರಣ ಲೇಪವೂ ಬಾಳುತ್ತದೆ. ನಿಂತರೆ ಎಂಥ ಲೇಪವೂ ಒಂದು ದಿನ ಬಿಡುತ್ತದೆ.

ಒರಗಿಸಿದ ಮಣ್ಣನ್ನು ಅರ್ಧ ಅಡಿಗೊಂದು ಪದರವಾಗಿ ದಮ್ಮಸು ಮಾಡಿದೆವು. ಮೇಲ್ಪದರಕ್ಕೆ ಕೆರೆಯಿಂದ ತಂದ ಅಂಟು ಗೋಡು ಮಣ್ಣು, ಗೋಡೆಯಿಂದ ಆಚೆಗೆ ಇಳಿಜಾರು ಮಾಡಿ. ಅದರ ಮೇಲೆ ಲಾವಂಚ ನೆಟ್ಟರು. ಲಾವಂಚದ ಬೇರು ಪಕ್ಕಕ್ಕೆ ಹಬ್ಬದೆ ನೆಟ್ಟಗೆ ಎರಡು-ಮೂರು ಮೀಟರ್ ಕೆಳಗಿಳಿಯುತ್ತದೆ. ಗೋಡೆಗೆ ತೊಂದರೆ ಇಲ್ಲ, ಮಣ್ಣು ಹಿಡಿದುಕೊಳ್ಳುತ್ತದೆ. ಮೊದಲ ಮಳೆಗಾಲಕ್ಕೆ ಗಿಡ ಇನ್ನೂ ಚಿಕ್ಕವು, ಹಾಗಾಗಿ ಕರಡ (ಒಣಹುಲ್ಲು), ದರಕು (ಒಣ ಎಲೆ) ಹೊದೆಸಿ ಮಣ್ಣು ಕಾಪಾಡಿದರು.

ಮೇಲ್ಬದಿಯಲ್ಲಿ, ಮನೆಯಿಂದ ಸ್ವಲ್ಪ ದೂರದಲ್ಲಿ, ಇಳಿಜಾರಿಗೆ ಅಡ್ಡವಾಗಿ ಒಂದು ಕಾಲುವೆ ತೆಗೆದಿದ್ದೇವೆ. ಮೇಲಿಂದ ಬರುವ ನೀರನ್ನು ಅಲ್ಲೇ ಹಿಡಿದು ಎರಡೂ ಬದಿಗೆ ಕಳಿಸುವುದು ಅದರ ಕೆಲಸ. ಮೊದಲ ಜುಲೈನಲ್ಲಿ ಜಗಲಿಯ ಕೆಳಗಿನ ಮೆಟ್ಟಿಲ ಬಳಿ ಜಲ ಎದ್ದಿತು. ಹುಡುಕಿದಾಗ, ಕಾಲುವೆಗೆ ಒಂದು ಕಡೆ ಬಂಡೆ ಅಡ್ಡ ಬಂದು ಆಳ ಕಡಿಮೆಯಾಗಿದ್ದು ಸಿಕ್ಕಿತು. ನೀರು ಬಂಡೆಯ ಅಡಿಯಿಂದ ನುಸುಳಿ ಬರುತ್ತಿತ್ತು. ಮಳೆ ಹೊಳವಾದಾಗ ಬಂಡೆಯನ್ನು ಬಳಸಿಕೊಂಡು ಆಳದ ಕಾಲುವೆ ತೆಗೆದರು. ಮೆಟ್ಟಿಲು ಒಣಗಿತು.

ಹುಲ್ಲಿನ ಮಾಡು ಯಾಕೆ ಬಿಟ್ಟೆವು

ಯಜಮಾನರಿಗೆ ಬಿಟ್ಟುಕೊಡಲು ಕಷ್ಟವಾದದ್ದು ಇದೇ. ಒಂದು ಅಡಿ ಮಣ್ಣು ಮಳೆ ಕುಡಿದಾಗ ಪ್ರತಿ ಚದರ ಮೀಟರಿಗೆ 550ರಿಂದ 600 ಕೆ.ಜಿ. ತೂಗುತ್ತದೆ. 900 ಚದರ ಅಡಿಗೆ ಹೆಚ್ಚೂಕಡಿಮೆ 48 ಟನ್. ವಾಸದ ಕೋಣೆಯ ನೆಲಕ್ಕೆ ಜನ, ಸಾಮಾನು ಸೇರಿ ನಾವು ಹಿಡಿಯುವ ಭಾರ ಚದರ ಮೀಟರಿಗೆ 200 ಕೆ.ಜಿ. ಅಷ್ಟೇ. ಈ ಮಣ್ಣನ್ನು ಹೊರಲು ಸ್ಲ್ಯಾಬು, ತೊಲೆ, ಕಂಬ ಎಲ್ಲ ದಪ್ಪವಾಗಬೇಕು. ಸಿಮೆಂಟು, ಕಬ್ಬಿಣ ಏರಿದಂತೆ ಪರಿಸರಕ್ಕೆ ಹಿತವಾದ ಮನೆ ಅನ್ನುವ ಮಾತೇ ದುರ್ಬಲವಾಗುತ್ತದೆ. ಇನ್ನು, ಸೋರಿದರೆ? ಒಳಗೆ ಹನಿ ಬೀಳುವ ಜಾಗ ಒಂದು, ಮೇಲೆ ಸೀಳಿರುವ ಜಾಗ ಇನ್ನೊಂದು. ಅದನ್ನು ಹುಡುಕಲು ಅಷ್ಟೂ ಮಣ್ಣು ತೆಗೆಯಬೇಕು, ಅದೂ ಮಳೆಯಲ್ಲಿ.

ಹಂಚಿನ ಮಾಡಿನಲ್ಲಿ ಒಂದು ಹಂಚು ಒಡೆದರೆ ಕೆಳಗಿನಿಂದ ಬೆಳಕು ಕಾಣುತ್ತದೆ. ಆ ಹಂಚು ಬದಲಿಸಿದರೆ ಮುಗಿಯಿತು. ಹಳೆಯ ಮನೆ ಬಿಚ್ಚಿದ ಕಡೆಯಿಂದ ಮಂಗಳೂರು ಹಂಚು, ಪಕಾಸು, ರೀಪು ಸಿಕ್ಕವು. ಚದರ ಮೀಟರಿಗೆ ಸುಮಾರು 15 ಹಂಚು. ಮಾಡನ್ನು ಗೋಡೆಯಿಂದ 4 ಅಡಿ ಹೊರಗೆ ಚಾಚಿ, ಅಂಚಿಗೆ ನೀರು ಹಿಡಿಯುವ ದೋಣಿ ಕಟ್ಟಿದೆವು, ಮಾಡಿನ ನೀರು ಒರಗಿಸಿದ ಮಣ್ಣಿನ ಮೇಲೆ ಬೀಳದಂತೆ. ಹಂಚಿನ ಕೆಳಗೆ ಹಲಗೆಯ ಮೆತ್ತು (ಅಟ್ಟ) ಇದೆ. ಬೇಸಿಗೆಯ ಕಾವು ಅಲ್ಲೇ ನಿಂತು ಮೇಲಿನ ಕಿಂಡಿಗಳಿಂದ ಹೊರಗೆ ಹೋಗುತ್ತದೆ. ಮಾರ್ಚ್-ಏಪ್ರಿಲ್‌ನಲ್ಲಿ ಹೊರಗೆ 34 ಡಿಗ್ರಿ ಇದ್ದಾಗ ಒಳಕೋಣೆಯಲ್ಲಿ 28ರ ಆಸುಪಾಸು ಇರುತ್ತದೆ. ಪೂರ್ತಿ ನೆಲದೊಳಗಿನ ಮನೆ ಇನ್ನೂ ತಂಪಿರುತ್ತಿತ್ತು, ನಿಜ. ಆದರೆ ನಮ್ಮ ಮಲೆನಾಡಿನಲ್ಲಿ ಸೆಕೆ ಎರಡೂವರೆ ತಿಂಗಳು, ಶೀತ ಐದು ತಿಂಗಳು. ಆ ಐದು ತಿಂಗಳಿಗಾಗಿ ಮನೆ ಕಟ್ಟಬೇಕು.

ಗೋಡೆ ಬೆವರುವ ಪ್ರಶ್ನೆ

ಮನೆಯೊಡತಿ ಮೊದಲ ದಿನವೇ ಹೇಳಿದ್ದರು: "ಯಂಗೆ ಗುಹೆ ಬ್ಯಾಡ. ಮಳೆಗಾಲದಲ್ಲಿ ಬಟ್ಟೆ ಎಲ್ಲಿ ಒಣಗ್ಸದು ಹೇಳಿ?" ಈ ಪ್ರಶ್ನೆಯೊಳಗೆ ಇಡೀ ಭೌತಶಾಸ್ತ್ರ ಇದೆ. ಜುಲೈನಲ್ಲಿ ಹೊರಗಿನ ಗಾಳಿ 23-24 ಡಿಗ್ರಿ, ತೇವ 90%ಕ್ಕಿಂತ ಮೇಲೆ. ಆ ಗಾಳಿ ಒಂದೆರಡು ಡಿಗ್ರಿ ತಣ್ಣಗಾದರೂ ನೀರು ಬಿಡುತ್ತದೆ. ಮಣ್ಣಿಗೆ ತಾಗಿದ ಗೋಡೆ ಗಾಳಿಗಿಂತ ತುಸು ತಣ್ಣಗೆ ಇದ್ದರೆ ಸಾಕು, ಮೇಲ್ಮೈ ಒದ್ದೆ. ಮರುವಾರ ಬೂಷ್ಟು. ಹೊರಗಿನಿಂದ ಒಂದು ಹನಿಯೂ ನುಸುಳದಿದ್ದರೂ ಇದು ಆಗುತ್ತದೆ. ನೆಲದಡಿಯ ಪೈಪಿನಿಂದ ಗಾಳಿ ತರುವ ಉಪಾಯ ಒಣ ನಾಡಿಗೆ ಒಳ್ಳೆಯದು. ಇಲ್ಲಿ ಮಳೆಗಾಲದಲ್ಲಿ ಆ ಪೈಪಿನೊಳಗೇ ನೀರು ಕಟ್ಟುತ್ತದೆ. ಅದನ್ನು ಮೊದಲೇ ಕೈಬಿಟ್ಟೆವು.

ಪರಿಹಾರ ಹಳೆಯ ಮನೆಗಳಲ್ಲೇ ಇತ್ತು: ಬೆಂಕಿ. ಮಣ್ಣು ಒರಗಿದ ಪಶ್ಚಿಮ ಗೋಡೆಗೆ ಅಡುಗೆಮನೆ ಮತ್ತು ಬಚ್ಚಲನ್ನು ತಂದದ್ದು ಮನೆಯೊಡತಿಯ ಯೋಚನೆ. ನಾನು ಅಲ್ಲಿ ಮಲಗುವ ಕೋಣೆ ಹಾಕಿದ್ದೆ, ಶಬ್ದ ಕಡಿಮೆ ಅಂತ. ಅವರು ಹೇಳಿದ್ದೇ ಸರಿಯಾದ ಜಾಗ. ಬಚ್ಚಲ ಒಲೆ ದಿನಾ ಉರಿಯುತ್ತದೆ, ಹಂಡೆಯ ಹಿಂದಿನ ಗೋಡೆ ಬೆಚ್ಚಗೆ ಇರುತ್ತದೆ. ಒಲೆ ಹೊಗೆಕೊಳವೆ ಇರುವ ಅಸ್ತ್ರ ಮಾದರಿಯದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದಿಂದ ಬಂದದ್ದು. ಮಣ್ಣು ತಾಗಿದ ಗೋಡೆಗಳಿಗೆ ಒಳಗಿನಿಂದ ಸುಣ್ಣದ ಗಾರೆ, ಸುಣ್ಣವೇ ಬಣ್ಣ. ಪ್ಲಾಸ್ಟಿಕ್ ಪೇಂಟು ಇಲ್ಲ. ಆ ಗೋಡೆಗೆ ಕಪಾಟು ಒರಗಿಸುವಂತಿಲ್ಲ. ಕಿಟಕಿಗಳು ಮಣ್ಣಿನ ಮಟ್ಟದಿಂದ ಒಂದೂವರೆ ಅಡಿ ಮೇಲೆ, ಚಿಕ್ಕವು, ಜಾಲರಿ ಸಮೇತ. ಹಾವು ಬರಬಾರದು, ಒರಲೆ ಚೌಕಟ್ಟಿಗೆ ಹತ್ತಬಾರದು.

ಬಟ್ಟೆಯ ಉತ್ತರ ಕರೆಂಟಿನ ಕಡೆಯಿಂದ ಸಿಕ್ಕಿತು.

ಮಳೆಗಾಲದ ಕರೆಂಟು

ಸೋಲಾರ್ ಒಂದನ್ನೇ ನಂಬಿ ಮಲೆನಾಡಿನಲ್ಲಿ ಲೈನ್ ಇಲ್ಲದೆ ಬದುಕುತ್ತೇವೆ ಅನ್ನುವವರು ಜುಲೈ ತಿಂಗಳ ಲೆಕ್ಕ ಹಾಕಿ ನೋಡಬೇಕು. ಒಂದು ಕಿಲೋವಾಟ್ ಪ್ಯಾನೆಲ್ ಬೇಸಿಗೆಯಲ್ಲಿ ದಿನಕ್ಕೆ ನಾಲ್ಕೈದು ಯೂನಿಟ್ ಕೊಡುತ್ತದೆ. ಜಡಿಮಳೆಯ ದಿನ ಒಂದು ಯೂನಿಟ್ಟಿಗಿಂತ ಕಡಿಮೆಗೂ ಇಳಿಯುತ್ತದೆ. ಮೋಡ ವಾರಗಟ್ಟಲೆ ಸರಿಯದಿದ್ದರೆ ಬ್ಯಾಟರಿ ಎಷ್ಟಿದ್ದರೂ ಅಷ್ಟೇ.

ಈ ಮನೆಗೆ ದಿನಕ್ಕೆ ಬೇಕಾದದ್ದು ಸುಮಾರು ಎರಡೂವರೆ ಯೂನಿಟ್. ಚಿಕ್ಕ ಫ್ರಿಜ್ಜಿಗೆ ಒಂದು ಯೂನಿಟ್. ಉಳಿದದ್ದು ಎಲ್‌ಇಡಿ ದೀಪ, ಕಡಿಮೆ ಕರೆಂಟು ಎಳೆಯುವ 28 ವಾಟಿನ ಬಿಎಲ್‌ಡಿಸಿ ಫ್ಯಾನು, ಮಿಕ್ಸರ್, ಲ್ಯಾಪ್‌ಟಾಪ್, ಮೊಬೈಲ್. ಪಂಪು ಬೇಡ, ನೀರು ಮೇಲಿಂದಲೇ ಇಳಿದು ಬರುತ್ತದೆ. ಇದಕ್ಕೆ ಒಂದೂವರೆ ಕಿಲೋವಾಟ್ ಸೋಲಾರ್ ಮತ್ತು 5 ಯೂನಿಟ್ ಹಿಡಿಯುವ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ.

ಮಳೆಗಾಲಕ್ಕೆ ಹಳ್ಳದ ನೀರಿನಿಂದ ತಿರುಗುವ ಚಿಕ್ಕ ಟರ್ಬೈನ್. ಇವರ ಜಾಗದಲ್ಲೇ ಜೂನ್‌ನಿಂದ ನವೆಂಬರ್‌ವರೆಗೆ ಹರಿಯುವ ಚಿಕ್ಕ ಹಳ್ಳ ಇದೆ. ನೀರನ್ನು ಪೈಪಿಗೆ ತಿರುಗಿಸಿ 20 ಲೀಟರ್ ಬಕೆಟ್ ಹಿಡಿದರೆ ನಾಲ್ಕು ಸೆಕೆಂಡಿಗೆ ತುಂಬುತ್ತದೆ. ಅಂದರೆ ಸೆಕೆಂಡಿಗೆ 5 ಲೀಟರ್. ನೀರು ಇಳಿಯುವ ಎತ್ತರ 20 ಮೀಟರ್. ಗುರುತ್ವದ 9.81ನ್ನು ಇವೆರಡಕ್ಕೆ ಗುಣಿಸಿ, ಚಿಕ್ಕ ಯಂತ್ರದಲ್ಲಿ ಅರ್ಧದಷ್ಟು ಸೋರಿ ಹೋಗುತ್ತದೆ ಅಂತ ಹಿಡಿದರೆ ಸುಮಾರು 490 ವಾಟ್. ಕಡಿಮೆ ಅನಿಸುತ್ತದೆ. ಆದರೆ ಇದು ರಾತ್ರಿಹಗಲು ನಡೆಯುತ್ತದೆ, ದಿನಕ್ಕೆ 11-12 ಯೂನಿಟ್. ಬಳಸಿದ ನೀರು ಹಾಗೇ ಹಳ್ಳಕ್ಕೆ ವಾಪಸ್, ಕೆಳಗಿನ ತೋಟದವರಿಗೆ ಒಂದು ಹನಿಯೂ ಕಡಿಮೆ ಆಗುವುದಿಲ್ಲ.

ಪೈಪಿನ ದಪ್ಪದಲ್ಲಿ ಉಳಿತಾಯ ಮಾಡಬೇಡಿ. ಇಲ್ಲಿ ಪೈಪಿನ ಉದ್ದ 150 ಮೀಟರ್. 75 ಮಿ.ಮೀ. ಪೈಪು ಹಾಕಿದ್ದರೆ 20 ಮೀಟರ್ ಎತ್ತರದಲ್ಲಿ ಸುಮಾರು ಮೂರೂವರೆ ಮೀಟರ್ ತಿಕ್ಕಾಟಕ್ಕೇ ಹೋಗುತ್ತಿತ್ತು. 110 ಮಿ.ಮೀ. ಪೈಪಿನಲ್ಲಿ ಹೋಗುವುದು ಅರ್ಧ ಮೀಟರ್. ಇನ್ನು ಪೈಪಿನ ಮೇಲ್ಬಾಯಿಯ ಜಾಲರಿಗೆ ದರಕು ಸಿಕ್ಕಿಕೊಳ್ಳುತ್ತಲೇ ಇರುತ್ತದೆ. ಮಳೆಗಾಲದಲ್ಲಿ ಬೆಳಿಗ್ಗೆ ಕಾಫಿಗೆ ಮುಂಚೆ ಅಲ್ಲಿಗೆ ಹೋಗಿ ಕೈಯಾಡಿಸಿ ಬರುವುದು ಯಜಮಾನರ ದಿನಚರಿ.

ಇಂಥ ಯಂತ್ರಕ್ಕೆ ಒಂದು ಗುಣ ಇದೆ. ಬೇಡ ಅಂದಾಗ ನಿಲ್ಲುವುದಿಲ್ಲ. ಬ್ಯಾಟರಿ ತುಂಬಿದ ಮೇಲೆ ಉಳಿದ ಕರೆಂಟನ್ನು ಎಲ್ಲಾದರೂ ಖರ್ಚು ಮಾಡಲೇಬೇಕು, ಇಲ್ಲದಿದ್ದರೆ ಟರ್ಬೈನ್ ಮಿತಿಮೀರಿ ತಿರುಗಿ ಹಾಳಾಗುತ್ತದೆ. ಎಲ್ಲರೂ ಅದನ್ನು ಹೀಟರ್ ಕಾಯಿಲ್‌ಗೆ ಬಿಡುತ್ತಾರೆ. ಇಲ್ಲಿ ಆ ಕಾಯಿಲ್‌ಗಳನ್ನು ಬಚ್ಚಲ ಪಕ್ಕದ ಒಂದು ಮರದ ಕಪಾಟಿನ ತಳದಲ್ಲಿ ಕೂರಿಸಿದೆವು. ಮೇಲೆ ಬಟ್ಟೆ ನೇತುಹಾಕುವ ಕೋಲುಗಳು, ಕೆಳಗೆ ಗಾಳಿ ಒಳಬರುವ ಕಿಂಡಿ, ಕಾಯಿಲ್‌ಗೂ ಬಟ್ಟೆಗೂ ನಡುವೆ ತಗಡಿನ ಜಾಲರಿ. ಮಕ್ಕಳ ಶಾಲೆಯ ಸಮವಸ್ತ್ರ ಜುಲೈನಲ್ಲೂ ಒಂದು ರಾತ್ರಿಯಲ್ಲಿ ಒಣಗುತ್ತದೆ. ಪಕ್ಕದ ಸಾಮಾನಿನ ಕೋಣೆಗೂ ಅದರ ಕಾವು ತಗಲುತ್ತದೆ.

ಸಿಡಿಲಿನ ವಿಚಾರ ಮರೆಯಬಾರದು. ಏಪ್ರಿಲ್-ಮೇ ತಿಂಗಳ ಗುಡುಗಿಗೆ ಇನ್ವರ್ಟರ್ ಸುಟ್ಟ ಮನೆಗಳು ಇಲ್ಲಿ ಬೇಕಷ್ಟಿವೆ. ಕೆಂಪುಕಲ್ಲಿನ ನೆಲದಲ್ಲಿ ವಿದ್ಯುತ್ ಸುಲಭವಾಗಿ ಇಳಿಯುವುದಿಲ್ಲ, ಒಂದು ಅರ್ಥಿಂಗ್ ಕಂಬಿ ಸಾಲುವುದಿಲ್ಲ. ಮೂರು ಕಂಬಿಗಳನ್ನು ದೂರದೂರ ಹೂತು ಜೋಡಿಸಿ, ಬಚ್ಚಲ ನೀರು ಹೋಗುವ ತೇವದ ಜಾಗದಲ್ಲಿ ಒಂದನ್ನು ಇಟ್ಟೆವು.

ಕುಡಿಯುವ ನೀರು ಮೇಲಿನ ಒರತೆಯಿಂದ. ಕಡುಬೇಸಿಗೆಯಲ್ಲೂ ನಿಮಿಷಕ್ಕೆ ಒಂದು ಲೀಟರ್ ಜಿನುಗುತ್ತದೆ. ಕೇಳಲು ಚಿಕ್ಕದು, ದಿನಕ್ಕೆ 1440 ಲೀಟರ್. ನಾಲ್ವರಿಗೆ ಧಾರಾಳ. ಒರತೆಗೆ ತೊಂದರೆಯಾದರೆ ಇರಲಿ ಅಂತ ಮಾಡಿನ ನೀರಿಗೆ 20,000 ಲೀಟರಿನ ಫೆರೋಸಿಮೆಂಟ್ (ತಂತಿಬಲೆಗೆ ಸಿಮೆಂಟು ಮೆತ್ತಿದ) ತೊಟ್ಟಿ ಇದೆ. ವರ್ಷಕ್ಕೆ ಮಾಡಿನ ಮೇಲೆ ಬೀಳುವುದು ಎರಡು ಲಕ್ಷ ಲೀಟರಿಗೂ ಜಾಸ್ತಿ, ಉಳಿದದ್ದು ತೋಟಕ್ಕೆ. ಕಕ್ಕಸಿನ ಜೋಡಿ ಗುಂಡಿಗಳು ಒರತೆಯಿಂದ ದೂರ, ಕೆಳಬದಿಗೆ, ಆಳ ಕಡಿಮೆ ಇಟ್ಟು. ಜುಲೈನಲ್ಲಿ ಅಂತರ್ಜಲ ಮೇಲೆ ಬಂದಾಗ ಆಳದ ಗುಂಡಿ ನೀರಲ್ಲಿ ಮುಳುಗಿಬಿಡುತ್ತದೆ. ಗೋಬರ್ ಗ್ಯಾಸಿನಲ್ಲಿ ಮಾತ್ರ ಪೂರ್ತಿ ಸ್ವಾವಲಂಬನೆ ಆಗಿಲ್ಲ. ಎರಡು ಘನ ಮೀಟರ್ ದೀನಬಂಧು ಮಾದರಿಯ ಗ್ಯಾಸ್ ಸ್ಥಾವರಕ್ಕೆ ದಿನಕ್ಕೆ 50 ಕೆ.ಜಿ. ಸಗಣಿ ಬೇಕು. ಇವರ ಕೊಟ್ಟಿಗೆಯಲ್ಲಿ ಇರುವುದು ಎರಡು ಮಲೆನಾಡು ಗಿಡ್ಡ ಆಕಳು, ಸಣ್ಣ ಮೈಕಟ್ಟಿನವು. ಹಾಗಾಗಿ ಸಿಲಿಂಡರ್ ಕೂಡ ಇದೆ, ಆದರೆ ಬಹಳ ದಿನ ಬರುತ್ತದೆ.

ಜಾಗದ ಕಾಗದಪತ್ರದ ಬಗ್ಗೆ ಒಂದೇ ಮಾತು. ತೋಟದ ಜೊತೆ ಬಂದ ಸೊಪ್ಪಿನ ಬೆಟ್ಟದಲ್ಲಿ ಮನೆ ಕಟ್ಟುವಂತಿಲ್ಲ. ಅಲ್ಲಿ ನಮಗಿರುವುದು ಸೊಪ್ಪು, ದರಕು ತರುವ ಸವಲತ್ತು. ದಿಬ್ಬ ಇವರ ಸ್ವಂತ ಖಾತೆಯಲ್ಲಿದೆ ಅನ್ನುವುದನ್ನು ಅಳತೆ ಮಾಡಿಸಿ ಖಚಿತ ಮಾಡಿಕೊಂಡ ಮೇಲೆಯೇ ಹಾರೆ ಹಾಕಿದ್ದು.

ಈ ಮನೆ ನೋಡಿ ಹೋದ ಕಾರವಾರ ಕಡೆಯವರೊಬ್ಬರು ತಮಗೂ ಇಂಥದ್ದೇ ಬೇಕು ಅಂದಿದ್ದಾರೆ. ಇದೇ ನಕ್ಷೆ ಅಲ್ಲಿಗೆ ಆಗುವುದಿಲ್ಲ. ಕರಾವಳಿಯಲ್ಲಿ ಮಳೆ ಇನ್ನೂ ಜಾಸ್ತಿ, ಮೇ ತಿಂಗಳಲ್ಲೂ ಗಾಳಿ ತೇವ, ರಾತ್ರಿಯ ಸೆಕೆಗೆ ದಪ್ಪ ಗೋಡೆಗಿಂತ ಎದುರುಬದುರು ಕಿಟಕಿ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಅವರ ಜಾಗದ ಹಿಂದೆ ಕಡಿದ ಧರೆಯೂ ಇದೆ. ಮೇ ಒಳಗೆ ಎರಡು ಗುಂಡಿ ತೋಡಿಸಿ ಪೈಪು ನಿಲ್ಲಿಸಿ ಅಂತ ಹೇಳಿದ್ದೇನೆ. ನಕ್ಷೆಯ ಮಾತು ಅಕ್ಟೋಬರ್‌ನಲ್ಲಿ, ಆ ಪೈಪಿನ ಲೆಕ್ಕ ನೋಡಿಕೊಂಡು.